ಓಡುವ ನಾಯಿಗೊಂದು ಮನೆ

ಮೂಡಲಪಾಳ್ಯದಲ್ಲಿ ನಾವು ಬಾಡಿಗೆಗಿದ್ದದ್ದು ಮೊದಲ ಮಹಡಿಯಲ್ಲಿ. ಕೆಳಗೆ ಓನರ್ ಮನೆಯವರು, ಮೇಲೆ ಅಪ್ಪ ಮತ್ತು ನಾನು, ಅದರ ಮೇಲೆ ತಾರಸಿ. ಅಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ನನ್ನ ಮದುವೆಯ ಮಾತು ಮನೆಯಲ್ಲಿ ನಿಂತುಹೋಗಿತ್ತು. ಅದನ್ನು ಎತ್ತುತ್ತಿದ್ದವಳು ಅಮ್ಮ ಒಬ್ಬಳೇ.

ಅಪ್ಪ ಸಿಟಿ ಬಸ್ ಓಡಿಸಿ ರಿಟೈರ್ ಆದವರು. ಕೆಲಸ ಬಿಟ್ಟ ಸ್ವಲ್ಪ ಕಾಲಕ್ಕೇ ಅವರ ಬಲಗೈಯ ಬೆರಳುಗಳು ದೀಪದ ಬತ್ತಿ ಹೊಸೆಯುವವರ ಬೆರಳಿನಂತೆ ತಮ್ಮಷ್ಟಕ್ಕೆ ಆಡತೊಡಗಿದವು. ಪಾರ್ಕಿನ್ಸನ್ ಎಂದರು ಡಾಕ್ಟರು. ಆಮೇಲೆ ನಡಿಗೆ ಕೆಟ್ಟಿತು. ಪಾದ ಎತ್ತಿಡಲಾಗದೆ ನೆಲಕ್ಕೆ ಉಜ್ಜಿಕೊಂಡು ನಡೆಯುತ್ತಿದ್ದರು. ಕೊನೆಗೆ ದನಿಯೂ ಇಳಿಯಿತು. ಬಸ್ಸಿನ ಹಿಂದಿನ ಸೀಟಿಗೆ ಕೇಳುವ ಹಾಗೆ ಗದರುತ್ತಿದ್ದವರು ಎದುರಿಗೆ ಕೂತವರಿಗೂ ಕೇಳದ ಹಾಗೆ ಮಾತಾಡತೊಡಗಿದರು. ಎಲ್ಲರೂ "ಏನಂದ್ರಿ?" ಎಂದು ಕೇಳುತ್ತಿದ್ದರು. ಹೇಳಿದ್ದನ್ನೇ ಹೇಳಿ ಬೇಸತ್ತು ಅವರು ಮಾತನ್ನೇ ಕಡಿಮೆ ಮಾಡಿಬಿಟ್ಟರು. ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಟೀವಿಯ ಮುಂದೆ ಕೂತಿರುತ್ತಿದ್ದರು. ಟೀವಿ ಹಾಕಿರುತ್ತಿರಲಿಲ್ಲ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ಆಗಿನ್ನೂ ರಿಂಗ್ ರಸ್ತೆಯ ಎರಡೂ ಬದಿಗೆ ಪಾರ್ಥೇನಿಯಂ ಬೆಳೆದ ಖಾಲಿ ಸೈಟುಗಳಿದ್ದವು. ಒಂದು ಸಂಜೆ ಬಸ್ ಇಳಿದು ಬರುವಾಗ ಟೀ ಅಂಗಡಿಯ ಹಿಂದಿನ ಸೈಟಿನಲ್ಲಿ ಒಂದು ನಾಯಿ ನಿಂತಿತ್ತು. ಕಂದು ಬಣ್ಣ, ಉದ್ದ ಕಾಲು, ಇನ್ನೂ ವರ್ಷ ತುಂಬದ ಹೆಣ್ಣು. ಕತ್ತಿನ ಸುತ್ತ ಕೆಂಪಗೆ ಏನೋ ಕಂಡಿತು, ಬೆಲ್ಟ್ ಇರಬೇಕು ಎಂದುಕೊಂಡೆ. ಹತ್ತಿರ ಹೋದಾಗ ವಾಸನೆ ಬಡಿಯಿತು. ಅದು ಗಾಯ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕತ್ತಿನ ಮಾಂಸದೊಳಗೆ ಇಳಿದು ಕೂತಿತ್ತು.

ಟೀ ಅಂಗಡಿಯವನು ಒಂದು ಬನ್ನು ತೋರಿಸಿ ಅದನ್ನು ಹತ್ತಿರ ಕರೆದ. ನಾನು ನನ್ನ ದುಪಟ್ಟಾ ಅದರ ಮೇಲೆ ಹಾಕಿ ಅಪ್ಪಿ ಹಿಡಿದುಕೊಂಡೆ. ಕಚ್ಚಬಹುದಿತ್ತು, ಕಚ್ಚಲಿಲ್ಲ. ಆಟೋದವರು ವಾಸನೆಗೆ ಮುಖ ತಿರುಗಿಸಿ ಹೋದರು. ಕೊನೆಗೆ ಒಬ್ಬರು ಸೀಟಿನ ಮೇಲೆ ಗೋಣಿ ಹಾಸಿಕೊಂಡು ದನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಹಗ್ಗವನ್ನು ತುಂಡು ತುಂಡಾಗಿ ಕತ್ತರಿಸಿ ಹೊರತೆಗೆದರು. ಮರಿಯಾಗಿದ್ದಾಗ ಯಾರೋ ಕಟ್ಟಿದ್ದಾರೆ, ಆಮೇಲೆ ಸಡಿಲಿಸುವವರು ಇಲ್ಲ, ನಾಯಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ ಎಂದರು. ದಿನಾ ಡ್ರೆಸಿಂಗ್ ಆಗಬೇಕು, ಬೀದಿಗೆ ಬಿಟ್ಟರೆ ಹುಳ ಬಿದ್ದು ಸಾಯುತ್ತದೆ ಎಂದೂ ಹೇಳಿದರು.

ಹಾಗೆ ಅದು ನಮ್ಮ ತಾರಸಿಗೆ ಬಂತು. ಓನರ್ ಆಂಟಿ ಕೆಟ್ಟವರಲ್ಲ. ಗಾಯ ಮಾಯುವವರೆಗೆ ಇಟ್ಟುಕೊಳ್ಳಿ ಮಿಸ್, ಆಮೇಲೆ ಎಲ್ಲಾದರೂ ಕಳಿಸಿಬಿಡಿ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಹೆಸರಿಟ್ಟರೆ ಕಳಿಸುವುದು ಕಷ್ಟ ಎಂದು ಹೆಸರಿಡಲಿಲ್ಲ.

ಮೊದಮೊದಲು ಅದು ನೀರಿನ ಟ್ಯಾಂಕಿನ ನೆರಳಲ್ಲಿ ಮಲಗಿಯೇ ಇರುತ್ತಿತ್ತು. ಗಾಯ ಒಣಗುತ್ತ ಬಂದಂತೆ ಅದರ ನಿಜವಾದ ಸ್ವಭಾವ ಹೊರಬಿತ್ತು. ತಾರಸಿಯ ಈ ಗೋಡೆಯಿಂದ ಆ ಗೋಡೆಗೆ ಓಡುವುದು, ಗೋಡೆಗೆ ಕಾಲು ಕೊಟ್ಟು ತಿರುಗಿ ಮತ್ತೆ ಓಡುವುದು. ಓಡಿ ಸುಸ್ತಾಗುತ್ತದೆ ಎಂದು ಕಾದರೆ ಸುಸ್ತಾಗುತ್ತಲೇ ಇರಲಿಲ್ಲ. ಒಣಹಾಕಿದ ಸೀರೆಗಳನ್ನು ಎಳೆದು ಬೀಳಿಸಿತು. ಓನರ್ ಆಂಟಿ ಬಿಸಿಲಿಗೆ ಹರಡಿದ್ದ ಸಂಡಿಗೆಯ ಮೇಲೆ ಓಡಾಡಿತು. ನನ್ನ ಚಪ್ಪಲಿಗಳಲ್ಲಿ ಜೋಡಿಯಾಗಿ ಉಳಿದದ್ದು ಕಾಲಲ್ಲಿದ್ದದ್ದು ಮಾತ್ರ. ಎಲ್ಲಕ್ಕಿಂತ ಹೆಚ್ಚಾಗಿ, ಯಾರನ್ನು ಕಂಡರೂ ಮೈಮೇಲೆ ಎಗರುತ್ತಿತ್ತು. ಮುಂಗಾಲುಗಳನ್ನು ಎದೆಗೆ ಇಟ್ಟು ಮುಖ ನೆಕ್ಕುವವರೆಗೆ ಬಿಡುತ್ತಿರಲಿಲ್ಲ. ಅದನ್ನು ಬಿಡಿಸಲು ನಾನು ಏನೆಲ್ಲ ಮಾಡಿದೆ, ಗದರಿದೆ, ಬೆನ್ನು ತಿರುಗಿಸಿ ನಿಂತೆ, ಬಿಸ್ಕೆಟ್ ಕೊಟ್ಟು ಕೂರಿಸಿದೆ. ಕೂರುತ್ತಿತ್ತು. ಬಿಸ್ಕೆಟ್ ಮುಗಿದ ಕೂಡಲೇ ಎಗರುತ್ತಿತ್ತು.

ಅಪ್ಪ ಮೊದಲು ತಾರಸಿಗೆ ಬರುತ್ತಿರಲಿಲ್ಲ. ಮೆಟ್ಟಿಲು ಅವರಿಗೆ ಕಷ್ಟ. ಒಂದು ದಿನ ನಾನು ಸ್ಕೂಲಿನಿಂದ ಬಂದಾಗ ಟೀವಿಯ ಮುಂದೆ ಅವರಿರಲಿಲ್ಲ. ಗಾಬರಿಯಿಂದ ಮೇಲೆ ಹತ್ತಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ನಾಯಿ ಅವರ ತೊಡೆಯ ಮೇಲೆ ತಲೆ ಇಟ್ಟಿತ್ತು. ಅಪ್ಪ ಮಾತಾಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಮೆಜೆಸ್ಟಿಕ್ಕಿನಿಂದ ಕೆಂಗೇರಿಗೆ ಹೋಗುವ ದಾರಿ ಮೊದಲು ಹೇಗಿತ್ತು, ಎಲ್ಲೆಲ್ಲಿ ಮರಗಳಿದ್ದವು, ಮಳೆ ಬಂದರೆ ಯಾವ ತಿರುವಿನಲ್ಲಿ ಬಸ್ ಜಾರುತ್ತಿತ್ತು ಎಂದೆಲ್ಲ ಹೇಳುತ್ತಿದ್ದರು. ಎಷ್ಟೋ ತಿಂಗಳಿಂದ ನಾನು ಅವರ ಬಾಯಲ್ಲಿ ಅಷ್ಟುದ್ದ ಮಾತು ಕೇಳಿರಲಿಲ್ಲ. ನಾಯಿಯ ಕಿವಿಗೆ ಆ ಸಣ್ಣ ದನಿ ಸಾಕಾಗಿತ್ತು. ಅದು ಏನಂದ್ರಿ ಎಂದು ಕೇಳುತ್ತಿರಲಿಲ್ಲ.

ಆಮೇಲೆ ಅದು ದಿನನಿತ್ಯದ್ದಾಯಿತು. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಅಪ್ಪ ಗೋಡೆ ಹಿಡಿದು ಮೇಲೆ ಹೋಗುತ್ತಿದ್ದರು. ನಾನು ಬೇಡ ಎಂದರೂ ಕೇಳುತ್ತಿರಲಿಲ್ಲ. ಅವರ ಮುಖದಲ್ಲಿ ಸ್ವಲ್ಪ ಗೆಲುವು ಕಾಣುತ್ತಿತ್ತು. ಆ ಕಾಯಿಲೆ ಮುಖದ ಭಾವವನ್ನೂ ಕಿತ್ತುಕೊಳ್ಳುತ್ತದೆ. ಅವರ ಮುಖದಲ್ಲಿ ಏನಾದರೂ ಕಂಡಿತೆಂದರೆ ಒಳಗೆ ಅದರ ಹತ್ತರಷ್ಟು ಇದೆ ಎಂದೇ ಲೆಕ್ಕ.

ಬಿದ್ದದ್ದು ಒಂದು ಭಾನುವಾರ. ನಾನು ಒಳಗೆ ಕುಕ್ಕರ್ ಇಟ್ಟಿದ್ದೆ. ಅಪ್ಪ ಕೊನೆಯ ಮೆಟ್ಟಿಲು ಹತ್ತುತ್ತಿರುವಾಗಲೇ ನಾಯಿಗೆ ಅವರ ಕಾಲಿನ ಸದ್ದು ಗೊತ್ತಾಗಿದೆ. ಖುಷಿಯಿಂದ ಓಡಿಬಂದು ಎದೆಗೆ ಎಗರಿದೆ. ಅವರು ಹಿಂದಕ್ಕೆ ಉರುಳಿ ಮೆಟ್ಟಿಲ ತಿರುವಿನವರೆಗೆ ಬಿದ್ದಿದ್ದರು. ಹಣೆ ಒಡೆದು ರಕ್ತ ಕಣ್ಣಿಗಿಳಿದಿತ್ತು. ನಾಯಿ ಅವರ ಪಕ್ಕದಲ್ಲಿ ಮಲಗಿ ಆ ರಕ್ತವನ್ನೇ ನೆಕ್ಕುತ್ತಿತ್ತು. ವಿಜಯನಗರದ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿದರು. ಮೂಳೆ ಮುರಿದಿರಲಿಲ್ಲ. ಇನ್ನೊಂದು ಸಲ ಹೀಗೆ ಬಿದ್ದು ಸೊಂಟ ಮುರಿದರೆ ಮತ್ತೆ ಎದ್ದು ಕೂರುವುದಿಲ್ಲ, ನೆನಪಿಟ್ಟುಕೊಳ್ಳಿ ಎಂದು ಡಾಕ್ಟರು ನನ್ನನ್ನು ಬೇರೆಯಾಗಿ ಕರೆದು ಹೇಳಿದರು.

ಮನೆಗೆ ಬಂದ ಮೇಲೆ ಅಪ್ಪನೇ ಹೇಳಿದರು.

"ಅದಕ್ಕೊಂದು ಮನೆ ನೋಡು."

"ನೋಡೋಣ ಬಿಡಿ ಅಪ್ಪ. ಮೊದಲು ನಿಮಗೆ ವಾಸಿಯಾಗ್ಲಿ."

"ಇಲ್ಲಮ್ಮ, ನೋಡು. ಓಡೋಕೆ ಜಾಗ ಇರ್ಬೇಕು. ನನ್ನಂಥವರು ಇರಬಾರದು ಆ ಮನೇಲಿ."

ಹೀಗೆ ನಾನು ಆ ನಾಯಿಗೆ ಮನೆ ಹುಡುಕಲು ಹೊರಟೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಬಿಳಿ ಹಾಳೆಯಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹಾಲಿನ ಬೂತು, ದನದ ಆಸ್ಪತ್ರೆ, ಬೇಕರಿಗಳಲ್ಲಿ ಅಂಟಿಸಿದೆ. ಫೋನುಗಳು ಬಂದವು. ಎಲ್ಲರೂ ಮೊದಲು ಕೇಳುತ್ತಿದ್ದದ್ದು ಯಾವ ಜಾತಿಯದು ಎಂದು. ಬೀದಿನಾಯಿ ಎಂದರೆ ಅರ್ಧ ಜನ ಅಲ್ಲೇ ಫೋನ್ ಇಟ್ಟುಬಿಡುತ್ತಿದ್ದರು. ಉಳಿದವರು ಗಂಡೋ ಹೆಣ್ಣೋ ಎನ್ನುತ್ತಿದ್ದರು. ಹೆಣ್ಣು, ಆದರೆ ಆಪರೇಷನ್ ಆಗಿದೆ, ಮರಿ ಹಾಕುವುದಿಲ್ಲ ಎಂದು ನಾನು ಒಂದೇ ಉಸಿರಿಗೆ ಹೇಳುತ್ತಿದ್ದೆ. ಆದರೂ ಬೇಡ ಮೇಡಂ, ಹೆಣ್ಣು ಬೇಡ ಎನ್ನುತ್ತಿದ್ದರು. ನನ್ನನ್ನು ನೋಡಲು ಬಂದು ಹೋದವರ ನೆನಪಾಗುತ್ತಿತ್ತು. ರಾಜಾಜಿನಗರದಲ್ಲಿ ಬೀದಿನಾಯಿಗಳನ್ನು ನೋಡಿಕೊಳ್ಳುವ ಹೆಂಗಸೊಬ್ಬರಿದ್ದಾರೆಂದು ಕೇಳಿ ಅವರ ಮನೆಗೂ ಹೋದೆ. ಅಡುಗೆಮನೆಯಲ್ಲೂ ನಾಯಿಗಳಿದ್ದವು. ಸೋಫಾದ ಮೇಲೆ ಕಣ್ಣಿಲ್ಲದ ಮುದಿ ನಾಯಿಯೊಂದು ಮಲಗಿತ್ತು. ಅವರು ನನಗೆ ಕಾಫಿ ಕೊಟ್ಟು, ಇಲ್ಲಿ ಬಿಟ್ಟು ಹೋಗಬೇಡಿ ಎಂದು ಕೈ ಮುಗಿದರು.

ಮೊದಲು ಒಪ್ಪಿದವರು ಕೆಂಗೇರಿ ಉಪನಗರದ ಒಂದು ಯುವ ದಂಪತಿ. ಹೊಸದಾಗಿ ಮದುವೆಯಾದವರು, ಸ್ವಂತ ಫ್ಲಾಟು, ಆ ಹುಡುಗಿಗೆ ಚಿಕ್ಕಂದಿನಿಂದ ನಾಯಿ ಎಂದರೆ ಪ್ರಾಣವಂತೆ. ಬಂದ ದಿನವೇ ನಾಯಿ ಅವಳ ಮೈಮೇಲೆ ಎಗರಿ ಚೂಡಿದಾರದ ತೋಳು ಹರಿಯಿತು. ಅವಳು ನಕ್ಕಳು. ಆ ನಗು ನೋಡಿ ನನಗೆ ಧೈರ್ಯ ಬಂತು. ಅಪ್ಪ ಕುರ್ಚಿಯಿಂದ ಏಳದೆ ಕೈ ಮಾತ್ರ ಎತ್ತಿ ಕಳಿಸಿಕೊಟ್ಟರು.

ಎರಡನೇ ವಾರ ತುಂಬುವ ಮೊದಲೇ ವಾಪಸು ತಂದರು. ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಬಾಲ್ಕನಿಯಲ್ಲಿ ಬಿಟ್ಟರೆ ದಿನವಿಡೀ ಬೊಗಳುತ್ತದೆಂದು ಅಕ್ಕಪಕ್ಕದವರ ದೂರು. ಬಾತ್‌ರೂಮಿನಲ್ಲಿ ಹಾಕಿದರೆ ಬಾಗಿಲು ಕೆರೆದು ಉಗುರು ಕಿತ್ತುಕೊಂಡಿತ್ತು. ಹುಡುಗಿ ನನ್ನ ಮುಖ ನೋಡಲಿಲ್ಲ. ಗಂಡ ಹೊಸ ಸ್ಟೀಲ್ ಬಟ್ಟಲನ್ನು ನಮ್ಮ ಬಾಗಿಲ ಪಕ್ಕ ಇಟ್ಟು, ಸಾರಿ ಮೇಡಂ ಎಂದ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಾಯಿಗೆ ಮನೆಗೆ ಬಂದ ಸಂತೋಷ ತಡೆಯಲಾಗುತ್ತಿರಲಿಲ್ಲ. ಅದನ್ನು ನೋಡುವುದೇ ಕಷ್ಟವಾಯಿತು. ಅಪ್ಪನನ್ನು ರೂಮಿನೊಳಗೆ ಕಳಿಸಿ ಬಾಗಿಲು ಹಾಕಿ, ಆಮೇಲೆ ನಾಯಿಯನ್ನು ತಾರಸಿಗೆ ಹತ್ತಿಸಿದೆ. ಅಂದಿನಿಂದ ಅಪ್ಪನಿಗೂ ಅದಕ್ಕೂ ನಡುವೆ ಒಂದು ಚಿಲಕ.

ಹೇರೋಹಳ್ಳಿಯ ಯಜಮಾನರು ನಮ್ಮ ಸ್ಕೂಲಿನ ಆಯಾಗೆ ದೂರದ ಸಂಬಂಧಿ. ಹಳೆಯ ಹಳ್ಳಿಯ ಒಕ್ಕಲು ಮನೆತನ. ಫೋನಿನಲ್ಲಿ ಅವರು ಜಾತಿಯನ್ನೂ ಕೇಳಲಿಲ್ಲ, ಗಂಡೋ ಹೆಣ್ಣೋ ಎಂದೂ ಕೇಳಲಿಲ್ಲ. ಜಾಗ ಇದೆ, ತೆಂಗಿನ ಮರ ಇವೆ, ತಂದು ಬಿಡಿ ಮೇಡಮ್ಮ ಎಂದರು. ಮಾಗಡಿ ರಸ್ತೆಯಿಂದ ಒಳಗೆ ತಿರುಗಿದ ಮೇಲೆ ರಸ್ತೆ ಎಂಬುದೇ ಇರಲಿಲ್ಲ. ಹಳ್ಳಗಳಲ್ಲಿ ಆಟೋ ಏಳುತ್ತ ಬೀಳುತ್ತ ಹೋಯಿತು. ನಾಯಿ ನನ್ನ ತೊಡೆಯ ಮೇಲೆ ನಿಂತು ಮುಖ ಹೊರಗೆ ಹಾಕಿತ್ತು. ಮನೆ ದೊಡ್ಡದು, ಹಿಂದೆ ಖಾಲಿ ಜಾಗ ಬಹಳ ದೂರದವರೆಗೆ ಇತ್ತು. ಬಿಟ್ಟ ಕೂಡಲೇ ನಾಯಿ ಓಡಿತು. ಅಷ್ಟು ದೂರ ನೇರವಾಗಿ ಅದು ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ತಾರಸಿಯಲ್ಲಿ ತಿರುಗಿ ತಿರುಗಿ ಓಡುತ್ತಿದ್ದದ್ದು ಓಟವೇ ಅಲ್ಲ ಎನಿಸಿತು. ಅಪ್ಪನಿಗೆ ಹೇಳಲು ಒಂದು ಒಳ್ಳೆಯ ಸುದ್ದಿ ಸಿಕ್ಕಿತೆಂದು ಬೇಗ ಮನೆಗೆ ಬಂದೆ.

ಪರೀಕ್ಷೆ, ಪೇಪರ್ ತಿದ್ದುವುದು ಎಂದು ನಾನು ಮತ್ತೆ ಅಲ್ಲಿಗೆ ಹೋಗಿದ್ದು ಒಂದು ತಿಂಗಳು ಕಳೆದ ಮೇಲೆ. ಖಾಲಿ ಜಾಗದಲ್ಲಿ ಈಗ ಕಲ್ಲುಗಳನ್ನು ನೆಟ್ಟಿದ್ದರು. ಸೈಟು ಮಾಡಿದ್ದರು. ಒಂದು ಮೂಲೆಯಲ್ಲಿ ಸಿಮೆಂಟ್ ಮೂಟೆ ಇಡುವ ಶೀಟಿನ ಶೆಡ್ಡು. ಅದರ ಕಂಬಕ್ಕೆ ನಾಯಿಯನ್ನು ಸರಪಳಿಯಲ್ಲಿ ಕಟ್ಟಿದ್ದರು. ಎದ್ದು ನಿಂತು ಎರಡು ಹೆಜ್ಜೆ ತಿರುಗುವಷ್ಟು ಉದ್ದದ ಸರಪಳಿ. ಬಟ್ಟಲಲ್ಲಿ ಅನ್ನ ಇತ್ತು, ನೀರಿತ್ತು. ಬೆನ್ನಿನ ಮೇಲೆ ಸಿಮೆಂಟಿನ ಧೂಳು ಕೂತು ಕಂದು ಬಣ್ಣ ಬೂದಿಯಾಗಿತ್ತು.

ನಾನು ಹತ್ತಿರ ಹೋದೆ. ಅದು ತಲೆ ಎತ್ತಿ ನೋಡಿತು, ಬಾಲವನ್ನು ನೆಲಕ್ಕೆ ಒಂದೆರಡು ಸಲ ಬಡಿಯಿತು. ಏಳಲಿಲ್ಲ. ಎಗರಲಿಲ್ಲ. ಯಾವುದನ್ನು ಬಿಡಿಸಲು ತಿಂಗಳುಗಟ್ಟಲೆ ಒದ್ದಾಡಿದ್ದೆನೋ ಅದು ತಾನಾಗಿ ಬಿಟ್ಟುಹೋಗಿತ್ತು. ನಾನು ಸಿಮೆಂಟಿನ ನೆಲದಲ್ಲಿ ಅದರ ಪಕ್ಕ ಕೂತು ಅತ್ತೆ.

ಯಜಮಾನರು ನನಗೆ ಕುರ್ಚಿ ತರಿಸಿದರು. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ.

"ಬಿಟ್ರೆ ಲಾರಿ ಕೆಳಗೆ ಹೋಗುತ್ತೆ ಮೇಡಮ್ಮ. ಜಲ್ಲಿ ಲಾರಿ, ಮರಳು ಲಾರಿ, ಒಂದರ ಹಿಂದೆ ಒಂದು ಬರ್ತಾವೆ. ಮೊದಲು ಇದ್ದ ನಾಯಿ ಹಂಗೇ ಹೋಯ್ತು. ಇದಾದ್ರೂ ಉಳೀಲಿ ಅಂತ ಕಟ್ಟಿದೀನಿ."

ಅವರ ಮಾತು ಸುಳ್ಳಾಗಿರಲಿಲ್ಲ. ಜಾಗವನ್ನು ತೋರಿಸುತ್ತ, ಇಲ್ಲಿ ರಾಗಿ ಹಾಕುತ್ತಿದ್ದೆವು, ಅಲ್ಲಿ ಹಸುಗಳಿದ್ದವು, ಈಗ ಕಟ್ಟಲು ಹಸುವೂ ಇಲ್ಲ, ಬಿಡಲು ಹೊಲವೂ ಇಲ್ಲ ಎಂದರು. ನಾಯಿಯನ್ನು ವಾಪಸು ಕೊಡಿ ಎಂದು ಕೇಳಿದೆ. ಕೊಟ್ಟದ್ದನ್ನು ಕೇಳುತ್ತೀರಲ್ಲ ಎಂದು ಅವರಿಗೆ ಬೇಸರವಾಯಿತು. ಆದರೂ ಬೀಗದ ಕೈ ತಂದು ಸರಪಳಿ ಬಿಚ್ಚಿದರು. ಬಿಚ್ಚಿದ ಮೇಲೂ ನಾಯಿ ಆ ಎರಡು ಹೆಜ್ಜೆಯ ಆಚೆಗೆ ಹೋಗಲಿಲ್ಲ.

ಆಗ ಎದುರಿನ ಸೈಟಿನಿಂದ ಒಬ್ಬ ಹೆಂಗಸು ಬಂದಳು. ಅಲ್ಲಿ ಮೂರು ಮಹಡಿಯ ಮನೆ ಏಳುತ್ತಿತ್ತು. ಅವಳೂ ಅವಳ ಗಂಡನೂ ಅಲ್ಲಿ ಗಾರೆ ಕೆಲಸ ಮಾಡಿಕೊಂಡು, ಸಾಮಾನು ಕಾಯುತ್ತ, ಒಂದು ತಗಡಿನ ಗುಡಿಸಲಲ್ಲಿದ್ದರು. ಕೊಪ್ಪಳದ ಕಡೆಯವರು. ಅವಳು ತನ್ನ ಸೆರಗಿನಿಂದ ಜೋಳದ ರೊಟ್ಟಿಯ ಚೂರು ತೆಗೆದು ಸ್ವಲ್ಪ ದೂರದಲ್ಲಿ ಹಿಡಿದಳು. ನಾಯಿ ಎದ್ದು ಹೋಗಿ ತಿಂದಿತು. ಇನ್ನೊಂದು ಚೂರನ್ನು ಇನ್ನೂ ದೂರದಲ್ಲಿ ಹಿಡಿದಳು. ಅವಳ ಗಂಡ ಗಾರೆ ಮೆತ್ತಿದ ಕೈಯಲ್ಲೇ ಬಂದು ನಿಂತು ಸಿಳ್ಳು ಹಾಕಿದ. ನಾಯಿ ಕಿವಿ ನಿಮಿರಿಸಿ ಅವನ ಕಡೆ ಓಡಿತು.

ಯಜಮಾನರು ಇಲ್ಲದ ಹೊತ್ತಿನಲ್ಲಿ ಅವರಿಬ್ಬರೂ ಅದಕ್ಕೆ ರೊಟ್ಟಿ ಹಾಕುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

"ನಮ್ಮ ಹಂತೇಕ ಬಿಡ್ರಿ ಅಕ್ಕಾರ," ಎಂದಳು ಅವಳು. "ಕಟ್ಟಂಗಿಲ್ರಿ ನಾವು. ನಮ್ಮ ಮನಿಯವರ ಹಿಂದನ ಇರ್ತೈತಿ."

"ಈ ಕಟ್ಟಡ ಮುಗಿದ ಮೇಲೆ ನೀವು ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದೆ.

"ಎಲ್ಲಿ ಕೆಲಸ ಐತೋ ಅಲ್ಲಿಗ್ರಿ. ನಾವ್ ಹೋದಲ್ಲಿ ಅದೂ ಬರ್ತೈತಿ."

ನಾನು ಹುಡುಕಿಕೊಂಡು ಹೊರಟದ್ದು ಖಾಯಂ ಆದ ಮನೆ. ಇವರಿಗೆ ಮನೆಯೇ ಇರಲಿಲ್ಲ. ಹೇರೋಹಳ್ಳಿಯ ಧೂಳಿನಲ್ಲಿ ನಿಂತು ಬಹಳ ಹೊತ್ತು ಯೋಚಿಸಿದೆ. ವಾಪಸು ಕರೆದುಕೊಂಡು ಹೋದರೆ ಮತ್ತೆ ಅದೇ ಚಿಲಕ, ಅದೇ ಜೆರಾಕ್ಸ್ ಹಾಳೆಗಳು. ನಾಯಿ ಮರಳಿನ ಗುಡ್ಡೆಯ ಮೇಲೆ ಹತ್ತಿ ಇಳಿಯುತ್ತಿತ್ತು. ಹಾಗೇ ಬಿಟ್ಟು ಬಂದೆ.

ಆ ವರ್ಷ ನಾನು ಆಗಾಗ ಅಲ್ಲಿಗೆ ಹೋಗುತ್ತಿದ್ದೆ. ನಾಯಿ ದಪ್ಪವಾಗಲಿಲ್ಲ, ಆದರೆ ಮೈ ಹೊಳೆಯತೊಡಗಿತ್ತು. ದಿನವಿಡೀ ಆ ಗಾರೆಯವನ ಹಿಂದೆ ಮಹಡಿಯಿಂದ ಮಹಡಿಗೆ ಓಡಾಡುತ್ತಿತ್ತು. ಇಟ್ಟಿಗೆ ಹೊರುವವರ ಕಾಲಿಗೆ ಸಿಕ್ಕಿ ಬೈಸಿಕೊಳ್ಳುತ್ತಿತ್ತು. ಅವರಿಬ್ಬರೂ ಅದಕ್ಕೊಂದು ಹೆಸರಿಟ್ಟಿದ್ದರು. ಒಮ್ಮೆ ಅಪ್ಪನನ್ನೂ ಆಟೋದಲ್ಲಿ ಕರೆದುಕೊಂಡು ಹೋದೆ. ಆಟೋದಿಂದ ಇಳಿಯುವುದು ಬೇಡ ಎಂದಿದ್ದೆ. ಆ ಮನುಷ್ಯ ನಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಆಟೋದ ಹತ್ತಿರ ತಂದ. ಅಪ್ಪ ನಡುಗುವ ಕೈಯನ್ನು ಅದರ ತಲೆಯ ಮೇಲೆ ಇಟ್ಟು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ವಾಪಸು ಬರುವಾಗ ಅಪ್ಪ, ಆ ಮನುಷ್ಯ ಒಳ್ಳೆಯವನು ಎಂದಷ್ಟೇ ಹೇಳಿದರು.

ಅದಾದ ಮೇಲೆ ಅಪ್ಪ ಹೊರಗೆ ಹೋಗಲಿಲ್ಲ. ಆ ಮಳೆಗಾಲದಲ್ಲಿ ನುಂಗುವುದು ಕಷ್ಟವಾಯಿತು. ಅನ್ನದ ಗಂಜಿಯೂ ಶ್ವಾಸನಾಳಕ್ಕೆ ಹೋಗಿ ಕೆಮ್ಮು ಹತ್ತುತ್ತಿತ್ತು. ನ್ಯುಮೋನಿಯಾ ಆಯಿತು, ವಾಸಿಯಾಯಿತು, ಮತ್ತೆ ಆಯಿತು. ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಒಂದು ಬೆಳಿಗ್ಗೆ, ನಾನು ಮುಖ ಒರೆಸಲು ಟವೆಲ್ ಒದ್ದೆ ಮಾಡಿಕೊಂಡು ಬರುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದರು. ಎಷ್ಟೋ ವರ್ಷಗಳಿಂದ ಆಡುತ್ತಿದ್ದ ಬಲಗೈಯ ಬೆರಳುಗಳು ನಿಂತಿದ್ದವು. ನರ್ಸಿಗಿಂತ ಮೊದಲು ನನಗೆ ಗೊತ್ತಾದದ್ದು ಅದರಿಂದ.

ಕರ್ಮಾಂತರ ಎಲ್ಲ ಮುಗಿದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಸ್ಕೂಲಿನಿಂದ ಬಂದು ಬೀಗ ತೆಗೆಯುವಾಗ ಒಳಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತಿದ್ದಾಗ ಓನರ್ ಆಂಟಿ ಕೆಳಗಿನಿಂದ ನೋಡಿ, ಆ ನಾಯಿಯನ್ನಾದರೂ ಕರೆದುಕೊಂಡು ಬನ್ನಿ ಮಿಸ್, ಈಗೇನು ಬೀಳುವವರು ಯಾರೂ ಇಲ್ಲವಲ್ಲ ಎಂದರು. ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಯಿತು. ಆದರೆ ಅದೇ ಮಾತು ನನ್ನ ಮನಸ್ಸಿನಲ್ಲೂ ಇತ್ತು. ಈಗ ಚಿಲಕ ಬೇಕಾಗಿರಲಿಲ್ಲ. ಅದು ಬೇಕಾದಷ್ಟು ಎಗರಬಹುದಿತ್ತು.

ಹೇರೋಹಳ್ಳಿಗೆ ಹೋದರೆ ಆ ಕಟ್ಟಡ ಮುಗಿದಿತ್ತು. ಬಣ್ಣ ಹೊಡೆದು, ಕಿಟಕಿಗಳಿಗೆ ಪರದೆ ಹಾಕಿ, ಮೂರೂ ಮಹಡಿಯಲ್ಲಿ ಜನ ಬಂದಿದ್ದರು. ತಗಡಿನ ಗುಡಿಸಲಿದ್ದ ಕಡೆ ಸ್ಕೂಟರು ನಿಂತಿತ್ತು. ಗಾರೆಯವರು ಕೆಂಗೇರಿಯ ಕಡೆ ಹೋದರು, ಸ್ಟೇಷನ್ನಿನ ಆಚೆಗೆ ಯಾವುದೋ ದೊಡ್ಡ ಕಟ್ಟಡದ ಕೆಲಸ ಎಂದು ಯಜಮಾನರು ಹೇಳಿದರು.

ಭಾನುವಾರಗಳಂದು ನಾನು ಕೆಂಗೇರಿಗೆ ಹೋಗತೊಡಗಿದೆ. ರೈಲ್ವೆ ಸ್ಟೇಷನ್ನಿನ ಆಚೆ ಎಲ್ಲೆಲ್ಲೂ ಕಟ್ಟಡಗಳು ಏಳುತ್ತಿದ್ದವು. ಪ್ರತಿಯೊಂದರ ಮುಂದೆಯೂ ತಗಡಿನ ಗುಡಿಸಲು, ಸೌದೆ ಒಲೆ, ಹಗ್ಗದ ಮೇಲೆ ಬಟ್ಟೆ. ಕೊಪ್ಪಳದವರು, ಒಂದು ಕಂದು ನಾಯಿ ಎಂದು ಕೇಳಿಕೊಂಡು ಓಡಾಡಿದೆ. ಬಹಳ ಜನ ಕೊಪ್ಪಳದವರಿದ್ದರು. ಬಹಳ ಕಂದು ನಾಯಿಗಳಿದ್ದವು. ಕೊನೆಗೆ ಒಂದು ಕಡೆ ಮರಳು ಜರಡಿ ಹಿಡಿಯುತ್ತಿದ್ದ ಮುದುಕಿ ಕೆಲಸ ನಿಲ್ಲಿಸಿ, ಆ ನಾಯಿ ಸಾಕಿದವರೇ ಎಂದು ಕೇಳಿ, ಕೈ ತೋರಿಸಿದಳು. ಕೈ ತೋರಿಸುವಾಗ ಏನೋ ಹೇಳಲು ಹೋಗಿ ಮತ್ತೆ ಜರಡಿ ಹಿಡಿದಳು.

ಗುಡಿಸಲಿನ ಮುಂದೆ ಒಂದು ಸಣ್ಣ ಗೂಡ್ಸ್ ಲಾರಿ ನಿಂತಿತ್ತು. ಪಾತ್ರೆಗಳ ಚೀಲ, ಸುತ್ತಿದ ಹಾಸಿಗೆ, ಒಂದು ಟ್ರಂಕು ಅದರಲ್ಲಿದ್ದವು. ಆ ಹೆಂಗಸು ಕೆಳಗೆ ಕೂತಿದ್ದಳು. ಕೊರಳು ಬರಿದಾಗಿತ್ತು. ಬಳೆಗಳಿರಲಿಲ್ಲ. ನಾನು ಏನನ್ನೂ ಕೇಳಬೇಕಾಗಲಿಲ್ಲ. ನಾಯಿ ಅವಳ ಪಕ್ಕದಿಂದ ಎದ್ದು ಬಂದು ನನ್ನ ಕೈ ಮೂಸಿತು, ಗುರುತು ಹಿಡಿದು ಮೈ ಬಳುಕಿಸಿತು, ಮತ್ತೆ ಅವಳ ಹತ್ತಿರ ಹೋಗಿ ಕೂತಿತು.

ಅವನು ಬಿದ್ದದ್ದು ಮೇಲಿನ ಮಹಡಿಯಲ್ಲಿ ಗಾರೆ ಮಾಡಲು ಕಟ್ಟಿದ್ದ ಸಾರುವೆಯಿಂದ. ಹಲಗೆ ಜಾರಿದೆ. ಊಟದ ಹೊತ್ತು, ಎಲ್ಲರೂ ಕೆಳಗೆ ಬಂದಿದ್ದರು. ಇನ್ನೊಂದು ಸ್ವಲ್ಪ ಮುಗಿಸಿ ಬರುತ್ತೇನೆಂದು ಅವನೊಬ್ಬನೇ ಮೇಲೆ ಉಳಿದಿದ್ದ. ಕಟ್ಟಡದ ಹಿಂಬದಿಗೆ ಬಿದ್ದದ್ದರಿಂದ ಯಾರಿಗೂ ಕಾಣಲಿಲ್ಲ. ನಾಯಿ ಬೊಗಳಿದಾಗಲೂ ಅದು ಯಾವಾಗಲೂ ಬೊಗಳುವುದೇ ಎಂದುಕೊಂಡಿದ್ದರು. ಇದನ್ನೆಲ್ಲ ಅವಳು ಬೇರೆ ಯಾರದೋ ವಿಷಯ ಎನ್ನುವಂತೆ ಹೇಳಿದಳು. ಈಗ ಊರಿಗೆ ಹೊರಟಿದ್ದಳು. ಊರಲ್ಲಿ ಗಂಡನ ತಮ್ಮನ ಮನೆ ಇತ್ತು. ಅವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ನಮ್ಮಪ್ಪನೂ ಹೋದರು ಎಂದು ಹೇಳಿದೆ. ಆಟೋದಲ್ಲಿ ಬಂದಿದ್ದ ಅಜ್ಜಾರೇನ್ರಿ ಎಂದು ಕೇಳಿ, ಅವಳು ತನ್ನ ದುಃಖದ ನಡುವೆಯೂ ನಾಲಿಗೆ ಲೊಚಗುಟ್ಟಿದಳು.

ನಾನು ಬಂದ ಕೆಲಸವನ್ನು ಹೇಳಲು ಬಾಯಿ ಬರಲಿಲ್ಲ. ಆದರೆ ಲಾರಿಯವನು ಅವಸರ ಮಾಡುತ್ತಿದ್ದ. ಈಗ ಹೇಳದಿದ್ದರೆ ಮತ್ತೆ ಹೇಳಲಾಗುವುದಿಲ್ಲ ಎನಿಸಿತು.

"ನಾಯೀನ ನಾನು ಕರ್ಕೊಂಡು ಹೋಗ್ಲಾ? ನಿಮಗೆ ಊರಲ್ಲಿ ಕಷ್ಟ ಆಗಬಹುದು. ಈಗ ನಮ್ಮನೇಲಿ ಇಟ್ಕೊಳ್ಳೋಕೆ ಏನೂ ತೊಂದರೆ ಇಲ್ಲ. ಚೆನ್ನಾಗಿ ನೋಡ್ಕೋತೀನಿ."

ಅವಳು ನಾಯಿಯ ಬೆನ್ನಿನ ಮೇಲೆ ಕೈಯಾಡಿಸುತ್ತಿದ್ದಳು.

"ನೀವು ಚಲೋತಂಗ ನೋಡ್ಕೊಂತೀರಿ ಅಕ್ಕಾರ, ನನಗ ಗೊತ್ತೈತಿ," ಎಂದಳು. "ಆದ್ರ ಅವರು ಬಿದ್ದಾಗ ನಾ ಅಲ್ಲಿ ಇರಲಿಲ್ರಿ. ಯಾರೂ ಇರಲಿಲ್ಲ. ಕಡೀತನಕ ಅವರ ಹಂತೇಕ ಇದ್ದದ್ದು ಇದೊಂದ. ಇದನ್ನ ಹೆಂಗ ಕೊಡ್ಲಿ?"

ನಾನು ಬೇಡ, ಕೊಡಬೇಡಿ ಎಂದೆ. ಅವಳನ್ನು ಎಬ್ಬಿಸಲು ಕೈ ಕೊಟ್ಟೆ. ಅವಳ ಅಂಗೈ ಸುಣ್ಣ ಸಿಮೆಂಟು ತಿಂದು ಒಡೆದು ಹೋಗಿತ್ತು.

ಅವಳು ಲಾರಿಯ ಹಿಂಬದಿಗೆ ಹತ್ತಿ ಹಾಸಿಗೆಯ ಸುರುಳಿಗೆ ಒರಗಿ ಕೂತಳು. ಕರೆಯುವ ಮೊದಲೇ ನಾಯಿ ಹಾರಿ ಅವಳ ಪಕ್ಕಕ್ಕೆ ಬಿತ್ತು. ಲಾರಿಯವನು ಹಿಂದಿನ ಪಟ್ಟಿ ಎತ್ತಿ ಕೊಂಡಿ ಹಾಕಿದ. ನಾನು ದಾರಿಯಲ್ಲಿ ತಿನ್ನಲಿ ಎಂದು ಅಂಗಡಿಗೆ ಓಡಿ ಬನ್ನು, ಬಾಳೆಹಣ್ಣು ತಂದು ಅವಳ ಮಡಿಲಿಗಿಟ್ಟೆ. ಊರಿಗೆ ಬನ್ರಿ ಅಕ್ಕಾರ ಎಂದಳು. ಊರಿನ ಹೆಸರನ್ನೂ ಹೇಳಿದಳು. ಎಂಜಿನ್ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳುವಷ್ಟರಲ್ಲಿ ಲಾರಿ ಹೊರಟಿತ್ತು.

ಮೈಸೂರು ರಸ್ತೆಗೆ ನಡೆದುಕೊಂಡು ಬಂದೆ. ಬಸ್ಸುಗಳು ತುಂಬಿ ಬರುತ್ತಿದ್ದವು. ನಾನು ಒಂದನ್ನು ಬಿಟ್ಟೆ, ಇನ್ನೊಂದನ್ನೂ ಬಿಟ್ಟೆ. ಸ್ಟಾಪಿನಲ್ಲಿ ಹೂ ಮಾರುತ್ತಿದ್ದ ಹೆಂಗಸು ಎಲ್ಲಿಗೆ ಹೋಗಬೇಕಮ್ಮ ಎಂದು ಕೇಳಿದಳು. ಮನೆಗೆ ಎಂದೆ. ಆಮೇಲೆ ಬಂದ ಬಸ್ಸಿನಲ್ಲಿ ಜಾಗವಿತ್ತು, ಹತ್ತಿದೆ.